ಬೆಳಕಿನ ಕೋಣೆ ನಡುಗುತ್ತಿದ್ದರೆ ದೋಷ ಹುಡುಕುವುದು ಹೇಗೆ

ಕಲಾ ಮ್ಯೂಸಿಯಂಗೆ ಹೊಸ ವಿಭಾಗ ಕಟ್ಟಿ, ಅದರಲ್ಲಿ ಒಂದಿಡೀ ಕೋಣೆಯನ್ನು ಬೆಳಕಿನ ಕಲಾಕೃತಿಗೇ ಬಿಟ್ಟುಕೊಟ್ಟಿರುತ್ತಾರೆ. ಗೋಡೆಯಲ್ಲಿ ಎಲ್‌ಇಡಿ, ಸೂರಿನಲ್ಲಿ ಎಲ್‌ಇಡಿ, ಎರಡು ಬದಿ ಕನ್ನಡಿ. ಒಳಗೆ ಬಂದವರು ಮಾತು ನಿಲ್ಲಿಸಿಬಿಡುತ್ತಾರೆ. ಆ ಹೊತ್ತಲ್ಲಿ ಬೆಳಕು ಒಂದೇ ಒಂದು ಸಲ ನಡುಗಿದರೂ ಎಲ್ಲರಿಗೂ ಗೊತ್ತಾಗುತ್ತದೆ. ಮಾಮೂಲಿ ಗ್ಯಾಲರಿಯಲ್ಲಿ ಒಂದು ದೀಪ ಹೋದರೆ ಚಿತ್ರ ಗೋಡೆ ಮೇಲೆ ಹಾಗೇ ಇರುತ್ತದೆ. ಇಲ್ಲಿ ದೀಪ ಹೋದರೆ ಚಿತ್ರವೇ ಹೋದ ಹಾಗೆ.

ನಾನು ಇಂಥ ಒಂದು ಕೋಣೆಯನ್ನು ನೋಡಿಕೊಳ್ಳುತ್ತೇನೆ. ಹೊಸ ವಿಭಾಗ ತೆರೆದ ಮೊದಲ ತಿಂಗಳಲ್ಲೇ ನಮ್ಮ ಕೋಣೆ ನಡುಗಲು ಶುರುವಾಯಿತು. ಪ್ರೋಗ್ರಾಂ ಬದಲಾಯಿಸಿದೆವು, ಬೆಳಕಿಗೆ ಆಜ್ಞೆ ಕಳಿಸುವ ಕಂಟ್ರೋಲರ್ ಬದಲಾಯಿಸಿದೆವು, ಮೂರು ದಿನ ಹೋಯಿತು, ನಡುಕ ಹೋಗಲಿಲ್ಲ. ಕೊನೆಗೆ ಕಾರಣ ಸಿಕ್ಕಿದ್ದು ಕೋಣೆಯ ಒಳಗೆ ಅಲ್ಲ, ಹಳೇ ಕಟ್ಟಡಕ್ಕೂ ಹೊಸದಕ್ಕೂ ಮಧ್ಯೆ. ಆ ಮೂರು ದಿನ ಇನ್ನೊಬ್ಬರಿಗೆ ಹೋಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೋಣೆ ಮುಚ್ಚಿ

ಬೆಳಕು ಜೋರಾಗಿ ಮಿಣುಕುತ್ತಿದ್ದರೆ ಮೊದಲ ಕೆಲಸ ರಿಪೇರಿ ಅಲ್ಲ, ಜನರನ್ನು ಹೊರಗೆ ಕಳಿಸುವುದು. ಸೆಕೆಂಡಿಗೆ 3ರಿಂದ 30 ಸಲ ಮಿಂಚುವ ಬೆಳಕು ಕೆಲವರಿಗೆ ಅಪಸ್ಮಾರದ ಸೆಳೆತ ತರಿಸಬಲ್ಲದು, ಅದರಲ್ಲೂ ಬೆಳಕು ಕಣ್ಣಿನ ಪೂರ್ತಿ ನೋಟವನ್ನು ತುಂಬಿಕೊಂಡಿರುವ ಇಂಥ ಕೋಣೆಯಲ್ಲಿ ಅಪಾಯ ಇನ್ನೂ ಜಾಸ್ತಿ. ಬಾಗಿಲಲ್ಲಿ ಎಚ್ಚರಿಕೆ ಫಲಕ ಇದೆಯಲ್ಲ ಅಂತ ಬಿಡಬೇಡಿ. ಆ ಫಲಕ ಕಲಾವಿದರು ಬಯಸಿ ಇಟ್ಟ ಬೆಳಕಿಗೆ, ಕೆಟ್ಟುಹೋದ ಬೆಳಕಿಗೆ ಅಲ್ಲ.

ಜನ ಹೊರಗೆ ಹೋದ ಮೇಲೂ ಏನನ್ನೂ ಆಫ್ ಮಾಡಬೇಡಿ, ಸುಟ್ಟ ವಾಸನೆ ಬರುತ್ತಿದ್ದರೆ ಮಾತ್ರ ತಕ್ಷಣ ಮೇನ್ ಆಫ್ ಮಾಡಿ. ಇಲ್ಲದಿದ್ದರೆ ದೋಷ ಇನ್ನೂ ನಡೆಯುತ್ತಿರುವಾಗಲೇ ಅದನ್ನು ನೋಡಬೇಕು. ಆಫ್ ಮಾಡಿ ಆನ್ ಮಾಡಿದರೆ ಎಷ್ಟೋ ಸಲ ತಾನಾಗಿ ಸರಿಹೋಗುತ್ತದೆ, ಮತ್ತೆ ಶನಿವಾರ ಸಂಜೆ ಜನ ತುಂಬಿರುವಾಗ ವಾಪಸ್ ಬರುತ್ತದೆ.

ಎಲ್ಲಿ, ಯಾವಾಗ

ಒಂದು ನೋಟ್‌ಬುಕ್ ತೆಗೆದುಕೊಂಡು ಎರಡೇ ವಿಷಯ ಬರೆಯಿರಿ: ದೋಷ ಎಲ್ಲಿಂದ ಶುರು, ಯಾವಾಗಿಂದ ಶುರು. ಒಂದೇ ಪಿಕ್ಸೆಲ್ಲಾ (ಅಂದರೆ ಒಂದು ಎಲ್‌ಇಡಿ ಚುಕ್ಕೆ), ಒಂದು ಜಾಗದಿಂದ ಮುಂದಕ್ಕೆಲ್ಲಾ, ಒಂದು ಪೂರ್ತಿ ಗೋಡೆಯಾ, ಇಡೀ ಕೋಣೆಯಾ? ಆನ್ ಮಾಡಿದ ತಕ್ಷಣವಾ, ಐದು ನಿಮಿಷಕ್ಕಾ, ಎರಡು ಗಂಟೆಗಾ, ಅಥವಾ ಹೊತ್ತುಗೊತ್ತಿಲ್ಲದೆ ಒಮ್ಮೊಮ್ಮೆಯಾ? ಈ ಎರಡು ಉತ್ತರ ಸಿಕ್ಕಿದರೆ ಅರ್ಧಕ್ಕಿಂತ ಜಾಸ್ತಿ ಕಾರಣಗಳನ್ನು ಮಲ್ಟಿಮೀಟರ್ ಮುಟ್ಟದೆಯೇ ಪಟ್ಟಿಯಿಂದ ತೆಗೆದುಹಾಕಬಹುದು. ಕೆಳಗೆ ಬರೆದಿರುವುದೆಲ್ಲ ಇದೇ ಎರಡು ಪ್ರಶ್ನೆಗಳ ಮೇಲೆ ನಿಂತಿದೆ.

ಕನ್ನಡಿ ಇರುವ ಕೋಣೆಯಲ್ಲಿ ಎಣಿಕೆ ತಪ್ಪುತ್ತದೆ, ಹುಷಾರು. 2003ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್‌ನ ಟರ್ಬೈನ್ ಹಾಲ್‌ನಲ್ಲಿ ಕಲಾವಿದ ಒಲಾಫುರ್ ಎಲಿಯಾಸನ್ ಒಂದು ದೊಡ್ಡ ಸೂರ್ಯನನ್ನು ತೋರಿಸಿದ್ದರು. ಅಲ್ಲಿ ನಿಜವಾಗಿ ಇದ್ದದ್ದು ಅರ್ಧ ವೃತ್ತ ಮಾತ್ರ, ಉಳಿದ ಅರ್ಧವನ್ನು ಸೂರಿನ ಕನ್ನಡಿ ತುಂಬಿಕೊಟ್ಟಿತ್ತು. ನಿಮ್ಮ ಕೋಣೆಯಲ್ಲೂ ಹಾಗೇ. ಸತ್ತ ನಾಲ್ಕು ಪಿಕ್ಸೆಲ್ ಕಾಣುತ್ತಿದ್ದರೆ ಅದು ಒಂದೇ ಇರಬಹುದು. ಎಲ್‌ಇಡಿಗಳ ಪಟ್ಟಿಯ, ಅಂದರೆ ಸ್ಟ್ರಿಪ್‌ನ, ಹತ್ತಿರ ಬೆರಳಿಟ್ಟು ಎಣಿಸಿ.

ಇನ್ನೊಂದು ಮಾತು, ಫೋನ್ ಕ್ಯಾಮೆರಾವನ್ನು ಸುಮ್ನೆ ನಂಬಬೇಡಿ. ಎಲ್‌ಇಡಿಯ ಹೊಳಪು ಕಡಿಮೆ ಮಾಡುವುದೇ ಅದನ್ನು ಬಹಳ ವೇಗವಾಗಿ ಆನ್ ಆಫ್ ಮಾಡಿ. ಕಣ್ಣಿಗೆ ಅದು ಕಾಣದು, ಕ್ಯಾಮೆರಾಗೆ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ನೋಡಲು ಬಂದವರು ವಿಡಿಯೋ ಮಾಡಿ "ಮಿಣುಕುತ್ತಿದೆ" ಅಂತ ದೂರು ಕೊಟ್ಟರೆ, ಮೊದಲು ಬರಿಗಣ್ಣಲ್ಲಿ ನೋಡಿ.

ಬಿಳಿ ಹಾಕಿ ನೋಡಿ

ಕಲಾಕೃತಿಯ ಪ್ರೋಗ್ರಾಂ ನಿಲ್ಲಿಸಿ, ಕಂಟ್ರೋಲರ್‌ನಿಂದ ಇಡೀ ಕೋಣೆಗೆ ಪೂರ್ತಿ ಬಿಳಿ ಕಳಿಸಿ. ಸ್ಟ್ರಿಪ್‌ನ ಶುರುವಿನಲ್ಲಿ ಬಿಳಿ ಸರಿಯಾಗಿದ್ದು, ದೂರ ಹೋದ ಹಾಗೆ ಹಳದಿ, ಆಮೇಲೆ ಕೆಂಪು ಆಗುತ್ತಿದೆಯಾ? ಹಾಗಿದ್ದರೆ ಇದು ಪವರ್ ಸಮಸ್ಯೆ, ಪ್ರೋಗ್ರಾಂ ಕಡೆ ಹೋಗಲೇಬೇಡಿ. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು, ನೀಲಿ ಮತ್ತು ಹಸಿರಿಗೆ 3ರ ಆಸುಪಾಸು ಬೇಕು. ವೋಲ್ಟೇಜ್ ಇಳಿದಾಗ ಮೊದಲು ಸೊರಗುವುದು ನೀಲಿ, ಕೊನೆಗೆ ಉಳಿಯುವುದು ಕೆಂಪು.

ಲೆಕ್ಕ ನೋಡಿ. 5 ವೋಲ್ಟ್‌ನ ಡಬ್ಲ್ಯುಎಸ್2812ಬಿ ಅನ್ನುವ ಮಾದರಿಯ ಪಿಕ್ಸೆಲ್ ಪೂರ್ತಿ ಬಿಳಿಯಲ್ಲಿ ಸುಮಾರು 60 ಮಿಲಿಆಂಪ್ ಎಳೆಯುತ್ತದೆ ಅಂತ ಹಿಡಿಯುತ್ತೇವೆ. ಮೀಟರಿಗೆ 60 ಪಿಕ್ಸೆಲ್ ಇದ್ದರೆ 3.6 ಆಂಪ್. 5 ಮೀಟರ್ ಸ್ಟ್ರಿಪ್‌ಗೆ 18 ಆಂಪ್. ಅಷ್ಟು ಕರೆಂಟು ಸ್ಟ್ರಿಪ್‌ನ ತೆಳ್ಳಗಿನ ತಾಮ್ರದಲ್ಲಿ ಹೋಗಬೇಕು ಅಂದರೆ ವೋಲ್ಟೇಜ್ ಇಳಿಯದೆ ಇರುತ್ತದಾ? ಅದಕ್ಕೇ ಎರಡೂ ತುದಿಯಿಂದ, ಉದ್ದ ಜಾಸ್ತಿ ಇದ್ದರೆ ಮಧ್ಯದಲ್ಲೂ, ಪವರ್ ಕೊಡಬೇಕು. ಕೆಲಸ ಮುಗಿಸುವ ಅವಸರದಲ್ಲಿ ಒಂದೇ ತುದಿಯಿಂದ ಕೊಟ್ಟು ಹೋಗಿರುವುದನ್ನು ನಾನು ಒಂದಕ್ಕಿಂತ ಜಾಸ್ತಿ ಕಡೆ ನೋಡಿದ್ದೇನೆ. ಉದ್ಘಾಟನೆಯ ದಿನ ಮಂದ ನೀಲಿ ದೃಶ್ಯ ಹಾಕಿದ್ದರಿಂದ ಯಾರಿಗೂ ಗೊತ್ತಾಗಿರುವುದಿಲ್ಲ, ಬಿಳಿ ದೃಶ್ಯ ಬಂದ ದಿನ ಗೊತ್ತಾಗುತ್ತದೆ.

ಅಳೆಯುವಾಗ ಬಿಳಿ ಉರಿಯುತ್ತಿರುವಾಗಲೇ ಅಳೆಯಿರಿ. ಆಫ್ ಇದ್ದಾಗ ದೂರದ ತುದಿಯಲ್ಲೂ 5 ವೋಲ್ಟ್ ತೋರಿಸುತ್ತದೆ, ಅದರಿಂದ ಏನೂ ತಿಳಿಯದು. ಉರಿಯುವಾಗ 4.5ಕ್ಕಿಂತ ಕೆಳಗಿದ್ದರೆ ಅಲ್ಲಿಗೆ ಇನ್ನೊಂದು ಪವರ್ ಎಳೆಯಬೇಕು. ಬೇರೆ ಬೇರೆ ಪವರ್ ಸಪ್ಲೈಗಳ ಪ್ಲಸ್ ತಂತಿಗಳನ್ನು ಒಟ್ಟಿಗೆ ಸೇರಿಸಬೇಡಿ, ಆ ಜಾಗದಲ್ಲಿ ಸ್ಟ್ರಿಪ್‌ನ ಪ್ಲಸ್ ಕತ್ತರಿಸಿ. ಮೈನಸ್ ಮಾತ್ರ ಎಲ್ಲದಕ್ಕೂ ಒಂದೇ ಇರಬೇಕು, ಡೇಟಾ ಅದನ್ನೇ ನಂಬಿಕೊಂಡಿರುತ್ತದೆ.

ಬಣ್ಣ ಎಲ್ಲೆಲ್ಲೋ ಹಾರುತ್ತಿದ್ದರೆ

ಪವರ್ ಸರಿ ಇದೆ, ಆದರೂ ಪಿಕ್ಸೆಲ್‌ಗಳು ಯಾವ್ಯಾವುದೋ ಬಣ್ಣ ತೋರಿಸುತ್ತಿವೆ ಅಂದರೆ ಡೇಟಾ ಕಡೆ ನೋಡಿ. ಈ ಪಿಕ್ಸೆಲ್‌ಗಳು ಸಾಲಾಗಿ ಕುಳಿತು ಕೈಯಿಂದ ಕೈಗೆ ಇಟ್ಟಿಗೆ ದಾಟಿಸುವವರ ಹಾಗೆ. ಪ್ರತಿ ಪಿಕ್ಸೆಲ್ ತನ್ನ 24 ಬಿಟ್ ಇಟ್ಟುಕೊಂಡು ಉಳಿದದ್ದನ್ನು ಮುಂದಿನದಕ್ಕೆ ಕೊಡುತ್ತದೆ. ಮಧ್ಯದವನು ಎದ್ದು ಹೋದರೆ ಆಚೆಗೆ ಏನೂ ತಲುಪುವುದಿಲ್ಲ. ಆದ್ದರಿಂದ ಒಂದು ಜಾಗದಿಂದ ಮುಂದಕ್ಕೆ ಎಲ್ಲ ಕತ್ತಲಾಗಿದ್ದರೆ ಸಂಶಯಪಡಬೇಕಾದ್ದು ಎರಡನ್ನು: ಮೊದಲ ಸತ್ತ ಪಿಕ್ಸೆಲ್, ಇಲ್ಲವೇ ಅದರ ಹಿಂದಿನ ಉರಿಯುತ್ತಿರುವ ಪಿಕ್ಸೆಲ್. ಎರಡನೆಯದನ್ನು ಜನ ಮರೆಯುತ್ತಾರೆ. ಅದು ತಾನು ಚೆನ್ನಾಗಿ ಉರಿಯುತ್ತಿರುತ್ತದೆ, ಮುಂದಕ್ಕೆ ಕೊಡುವ ಕಾಲು ಮಾತ್ರ ಸತ್ತಿರುತ್ತದೆ. ಎರಡನ್ನೂ ಬದಲಾಯಿಸಿ, ಮತ್ತೆ ಗೋಡೆ ಬಿಚ್ಚುವ ಕಷ್ಟ ತಪ್ಪುತ್ತದೆ.

ಮೊದಲ ಪಿಕ್ಸೆಲ್‌ನಿಂದಲೇ ಹುಚ್ಚಾಟ ಶುರುವಾಗಿದ್ದರೆ ಕಂಟ್ರೋಲರ್‌ನ ವೋಲ್ಟೇಜ್ ನೋಡಿ. 5 ವೋಲ್ಟ್‌ನಲ್ಲಿ ಓಡುವ ಡಬ್ಲ್ಯುಎಸ್2812ಬಿಗೆ ಡೇಟಾ ಕಡೇಪಕ್ಷ 3.5 ವೋಲ್ಟ್ ಇರಬೇಕು. ಇವತ್ತಿನ ಎಷ್ಟೋ ಸಣ್ಣ ಕಂಟ್ರೋಲರ್ ಬೋರ್ಡ್‌ಗಳು ಕೊಡುವುದು 3.3. ಟೇಬಲ್ ಮೇಲೆ ಗಿಡ್ಡ ತಂತಿಯಲ್ಲಿ ನಡೆದುಬಿಡುತ್ತದೆ, ಗೋಡೆಯೊಳಗೆ ನಾಲ್ಕು ಮೀಟರ್ ಎಳೆದ ಮೇಲೆ ನಡೆಯುವುದಿಲ್ಲ. ಮಧ್ಯೆ 74ಎಎಚ್‌ಸಿಟಿ125 ತರದ, 3.3 ಅನ್ನು 5 ವೋಲ್ಟ್‌ಗೆ ಏರಿಸುವ ಒಂದು ಲೆವೆಲ್ ಶಿಫ್ಟರ್ ಹಾಕಿ, ಡೇಟಾ ತಂತಿಯ ಜೊತೆಗೇ ಒಂದು ಮೈನಸ್ ತಂತಿಯನ್ನೂ ಎಳೆಯಿರಿ.

171ನೇ ಪಿಕ್ಸೆಲ್

ದೋಷ ಸರಿಯಾಗಿ 171ನೇ ಪಿಕ್ಸೆಲ್‌ನಿಂದ ಶುರುವಾಗುತ್ತಿದ್ದರೆ ಸ್ಟ್ರಿಪ್ ಮುಟ್ಟಲೇಬೇಡಿ. ಬೆಳಕಿಗೆ ಆಜ್ಞೆ ಸಾಗಿಸುವ ಪದ್ಧತಿಗೆ ಡಿಎಂಎಕ್ಸ್ ಅನ್ನುತ್ತಾರೆ, ಅದರ ಚಾನೆಲ್‌ಗಳ ಒಂದು ಕಟ್ಟಿಗೆ ಯೂನಿವರ್ಸ್. ಒಂದು ಯೂನಿವರ್ಸ್‌ನಲ್ಲಿ 512 ಚಾನೆಲ್. ಒಂದು ಪಿಕ್ಸೆಲ್‌ಗೆ ಮೂರು ಬಣ್ಣ, ಮೂರು ಚಾನೆಲ್. 170 ಪಿಕ್ಸೆಲ್‌ಗೆ 510 ಮುಗಿಯಿತು. 171ನೆಯದು ಮುಂದಿನ ಯೂನಿವರ್ಸ್‌ಗೆ ಹೋಗುತ್ತದೆ. ಅಂದರೆ ಎರಡನೇ ಯೂನಿವರ್ಸ್ ಬರುತ್ತಿಲ್ಲ, ಅಥವಾ ಅದರ ನಂಬರ್ ತಪ್ಪಾಗಿದೆ. ಬಿಳಿಗೆ ಬೇರೆ ಎಲ್‌ಇಡಿ ಇರುವ ನಾಲ್ಕು ಬಣ್ಣದ ಸ್ಟ್ರಿಪ್ ಆದರೆ ಆ ಗಡಿ 128, ದೋಷ 129ರಿಂದ ಕಾಣುತ್ತದೆ. ಬೆರಳಿಟ್ಟು ಎಣಿಸಿ ಅಂದದ್ದು ಇದಕ್ಕೇ.

ಕೆಂಪು ಕಳಿಸಿದರೆ ಹಸಿರು ಬರುತ್ತಿದೆಯಾ? ಡಬ್ಲ್ಯುಎಸ್2812ಬಿ ಮೊದಲು ಓದುವುದು ಹಸಿರನ್ನು, ಆಮೇಲೆ ಕೆಂಪು, ಆಮೇಲೆ ನೀಲಿ. ಕಂಟ್ರೋಲರ್‌ನಲ್ಲಿ ಬಣ್ಣದ ಕ್ರಮ ಬದಲಿಸಿದರೆ ಮುಗಿಯಿತು.

ಡಿಎಂಎಕ್ಸ್ ಲೈನ್

ಉದ್ದದ ಡಿಎಂಎಕ್ಸ್ ಕೇಬಲ್ ಇದ್ದರೆ ಕೊನೆಯ ಸಾಧನದಲ್ಲಿ 120 ಓಮ್ ಟರ್ಮಿನೇಟರ್ (ತುದಿಗೆ ಹಾಕುವ ರೆಸಿಸ್ಟರ್) ಇರಲೇಬೇಕು. ಇಲ್ಲದಿದ್ದರೆ ಸಿಗ್ನಲ್ ತುದಿಗೆ ಬಡಿದು ವಾಪಸ್ ಬಂದು ಹಿಂದೆ ಬರುತ್ತಿರುವುದರ ಮೇಲೆ ಬೀಳುತ್ತದೆ. ಪರೀಕ್ಷೆ ಸುಲಭ. ಎಲ್ಲ ಸಾಧನಗಳ ಪವರ್ ಆಫ್ ಮಾಡಿ, ಕಂಟ್ರೋಲರ್ ಕಡೆಯ ಪ್ಲಗ್ ಕಿತ್ತು, 2 ಮತ್ತು 3ನೇ ಪಿನ್ ನಡುವೆ ಅಳೆಯಿರಿ. 120ರ ಆಸುಪಾಸು ಬಂದರೆ ಸರಿ. 60 ಬಂದರೆ ಎಲ್ಲೋ ಎರಡನೇ ಟರ್ಮಿನೇಟರ್ ಕೂತಿದೆ. ಸಾವಿರಗಟ್ಟಲೆ ತೋರಿಸಿದರೆ ಟರ್ಮಿನೇಟರ್ ಇಲ್ಲ, ಅಥವಾ ತಂತಿ ತುಂಡಾಗಿದೆ.

ಲೈನ್ ಮಧ್ಯದಲ್ಲಿ ವೈ ಆಕಾರದಲ್ಲಿ ಕವಲು ಮಾಡಬೇಡಿ, ಸಿಗ್ನಲ್ ಹಂಚುವ ಸ್ಪ್ಲಿಟರ್ ಹಾಕಿ. ಒಂದು ಲೈನಿಗೆ 32 ಸಾಧನಕ್ಕಿಂತ ಜಾಸ್ತಿ ಬೇಡ. ಮೈಕ್ ಕೇಬಲ್ ಪ್ಲಗ್ ನೋಡಲು ಒಂದೇ ತರ ಇದೆ ಅಂತ ಅದನ್ನೇ ಹಾಕಿರುತ್ತಾರೆ, ಗಿಡ್ಡ ಇದ್ದಾಗ ನಡೆಯುತ್ತದೆ, ಉದ್ದವಾದಾಗ ಕೈಕೊಡುತ್ತದೆ.

ನಾಲ್ಕು ನಿಮಿಷ ಸರಿ, ಆಮೇಲೆ ಇಲ್ಲ

ಇದು ನನಗೆ ತುಂಬಾ ಇಷ್ಟವಾದ ದೋಷ, ಯಾಕೆಂದರೆ ಗಡಿಯಾರ ನೋಡಿದರೇ ಕಾರಣ ಗೊತ್ತಾಗುತ್ತದೆ. ಸಿಸ್ಟಮ್ ಆನ್ ಮಾಡುತ್ತೀರಿ, ಎಲ್ಲ ಚೆನ್ನಾಗಿ ಬರುತ್ತದೆ. ನಾಲ್ಕೂವರೆ ನಿಮಿಷದ ಒಳಗೆ ಒಂದು ಗೋಡೆ, ಇಲ್ಲವೇ ಇಡೀ ಕೋಣೆ, ನಿಂತುಹೋಗುತ್ತದೆ. ರೀಸ್ಟಾರ್ಟ್ ಮಾಡಿದರೆ ಮತ್ತೆ ಅಷ್ಟೇ ಹೊತ್ತು ನಡೆಯುತ್ತದೆ.

ಕಾರಣ ನೆಟ್‌ವರ್ಕ್ ಸ್ವಿಚ್. ಡಿಎಂಎಕ್ಸ್ ಆಜ್ಞೆಗಳನ್ನು ನೆಟ್‌ವರ್ಕ್‌ನಲ್ಲಿ ಸಾಗಿಸುವ ಪದ್ಧತಿ ಎಸ್‌ಎಸಿಎನ್. ಅದರ ಡೇಟಾ ಮಲ್ಟಿಕಾಸ್ಟ್ ಆಗಿ, ಅಂದರೆ ಕೇಳಿದವರಿಗೆಲ್ಲ ಒಟ್ಟಿಗೆ, ಹೋಗುತ್ತದೆ, ಮೊದಲ ಯೂನಿವರ್ಸ್‌ಗೆ ವಿಳಾಸ 239.255.0.1. ಸ್ವಿಚ್‌ನಲ್ಲಿ ಐಜಿಎಂಪಿ ಸ್ನೂಪಿಂಗ್ ಆನ್ ಇದ್ದರೆ, ಯಾವ ಪೋರ್ಟ್‌ನಲ್ಲಿರುವವರು ಈ ಡೇಟಾ ಕೇಳಿದ್ದಾರೋ ಅಲ್ಲಿಗೆ ಮಾತ್ರ ಅದು ಕಳಿಸುತ್ತದೆ. ಒಳ್ಳೆಯದೇ. ಆದರೆ "ಇನ್ನೂ ಬೇಕಾ?" ಅಂತ ಆಗಾಗ ಕೇಳುವವರು ಒಬ್ಬರು ನೆಟ್‌ವರ್ಕ್‌ನಲ್ಲಿ ಇರಬೇಕು, ಅವರಿಗೆ ಕ್ವೆರಿಯರ್ ಅನ್ನುತ್ತಾರೆ. ಕೇಳುವವರೇ ಇಲ್ಲದಿದ್ದರೆ ಯಾರೂ ಉತ್ತರ ಕೊಡುವುದಿಲ್ಲ, ಮಾಮೂಲಿ ಸೆಟ್ಟಿಂಗ್‌ನಲ್ಲಿ 260 ಸೆಕೆಂಡ್ ಕಾದು ಸ್ವಿಚ್ ಆ ಹೆಸರನ್ನು ಪಟ್ಟಿಯಿಂದ ತೆಗೆಯುತ್ತದೆ. ಡೇಟಾ ನಿಲ್ಲುತ್ತದೆ. ಒಂದೇ ಒಂದು ಸ್ವಿಚ್‌ನಲ್ಲಿ ಕ್ವೆರಿಯರ್ ಆನ್ ಮಾಡಿ.

ಹೊಸ ವಿಭಾಗ ಸೇರಿಸಿದ ಮ್ಯೂಸಿಯಂಗಳಲ್ಲಿ ಇದು ಸುಲಭವಾಗಿ ಬರುತ್ತದೆ. ಹಳೇ ಕಟ್ಟಡದ ನೆಟ್‌ವರ್ಕ್‌ನಲ್ಲಿ ಕ್ವೆರಿಯರ್ ಇರುತ್ತದೆ, ಹೊಸ ವಿಭಾಗವನ್ನು ಬೇರೆ ನೆಟ್‌ವರ್ಕ್ ಮಾಡಿದಾಗ ಅದು ಆ ಕಡೆಯೇ ಉಳಿದುಬಿಡುತ್ತದೆ.

ಇನ್ನೊಂದು ಇದೇ ಜಾತಿಯದು: ಎರಡು ಕಂಪ್ಯೂಟರ್‌ಗಳು ಒಂದೇ ಯೂನಿವರ್ಸ್‌ಗೆ ಡೇಟಾ ಕಳಿಸುತ್ತಿರುವುದು. ಎಸ್‌ಎಸಿಎನ್‌ನಲ್ಲಿ ಪ್ರಾಮುಖ್ಯ 0ರಿಂದ 200ರವರೆಗೆ ಇಡಬಹುದು, ಸುಮ್ನೆ ಬಿಟ್ಟರೆ ಎಲ್ಲರದ್ದೂ 100. ಕೆಲಸ ಮಾಡಿಸಿದವರ ಲ್ಯಾಪ್‌ಟಾಪ್ ಯಾವುದೋ ಮೂಲೆಯಲ್ಲಿ ಇನ್ನೂ ಓಡುತ್ತಿರಬಹುದು. ಎರಡು ದೃಶ್ಯ ಒಂದರ ಮೇಲೊಂದು ಹೊಯ್ದಾಡುವ ಹಾಗೆ ಕಂಡರೆ ಮೊದಲು ಅದನ್ನು ಹುಡುಕಿ.

ನಮ್ಮ ಕೋಣೆಯ ನಡುಕ

ಈಗ ಆ ಮೂರು ದಿನದ ವಿಷಯ. ನಮ್ಮಲ್ಲಿ ಇಡೀ ಕೋಣೆ ಒಟ್ಟಿಗೆ ನಡುಗುತ್ತಿತ್ತು. ಒಂದೆರಡು ಸೆಕೆಂಡ್ ಮಾತ್ರ. ಬೆಳಗ್ಗೆ ಅಪರೂಪ, ಮಧ್ಯಾಹ್ನದ ಮೇಲೆ ಜಾಸ್ತಿ. ಇಡೀ ಕೋಣೆ ಅಂದ ಮೇಲೆ ಎಲ್ಲದಕ್ಕೂ ತಲೆಯಾಗಿರುವ ಕಂಟ್ರೋಲರ್‌ನದ್ದೇ ತಪ್ಪು ಅಂದುಕೊಂಡೆವು. ಕೇಳಲು ಸರಿಯಾಗೇ ಇದೆ, ಅಲ್ವಾ? ಕಂಟ್ರೋಲರ್‌ನಿಂದ ಕೋಣೆಯವರೆಗೆ ಬರುವ ಕೇಬಲ್ ಕೂಡ ಎಲ್ಲದಕ್ಕೂ ಒಂದೇ ಅನ್ನುವುದು ತಲೆಗೆ ಬರಲಿಲ್ಲ. "ಎಲ್ಲಿ" ಅನ್ನುವುದಕ್ಕೆ ಉತ್ತರ ಬರೆದಿದ್ದೆವು, "ಯಾವಾಗ" ಅನ್ನುವುದನ್ನು ಬರೆದಿರಲಿಲ್ಲ.

ನಾಲ್ಕನೇ ದಿನ ಕೋಣೆಯ ಬಾಗಿಲಲ್ಲಿ ಕೂರುವ ಸಿಬ್ಬಂದಿಗೆ ಒಂದು ಹಾಳೆ ಕೊಟ್ಟು, ನಡುಗಿದಾಗೆಲ್ಲ ಗಂಟೆ ನಿಮಿಷ ಬರೆಯಲು ಕೇಳಿಕೊಂಡೆ. ಅವರು ಎಷ್ಟು ಚೆನ್ನಾಗಿ ಬರೆದಿದ್ದರು ಅಂದರೆ, ಸಂಜೆ ಆ ಹಾಳೆಯನ್ನು ಕಟ್ಟಡದ ಎಸಿ ನೋಡಿಕೊಳ್ಳುವವರ ಲಾಗ್ ಪಕ್ಕ ಇಟ್ಟಾಗ ಎರಡೂ ಒಂದಕ್ಕೊಂದು ಹೊಂದಿಕೊಂಡವು. ಹೊಸ ವಿಭಾಗದ ಎಸಿಯ ದೊಡ್ಡ ಕಂಪ್ರೆಸರ್ ಶುರುವಾದ ನಿಮಿಷವೇ ನಮ್ಮ ಕೋಣೆ ನಡುಗುತ್ತಿತ್ತು. ಮಧ್ಯಾಹ್ನ ಜನ ಜಾಸ್ತಿ, ಸೆಕೆ ಜಾಸ್ತಿ, ಕಂಪ್ರೆಸರ್ ಮತ್ತೆ ಮತ್ತೆ ಶುರುವಾಗುತ್ತಿತ್ತು.

ಕಂಟ್ರೋಲರ್ ಇದ್ದದ್ದು ಹಳೇ ಕಟ್ಟಡದಲ್ಲಿ. ಅಲ್ಲಿಂದ ಎರಡು ಕಟ್ಟಡ ಸೇರಿಸುವ ಓಣಿಯ ಸೂರಿನೊಳಗೆ ಡಿಎಂಎಕ್ಸ್ ಕೇಬಲ್ ಹೊಸ ವಿಭಾಗಕ್ಕೆ ಬರುತ್ತಿತ್ತು. ಹಳೇ ಕಟ್ಟಡಕ್ಕೆ ಅದರದ್ದೇ ಅರ್ತಿಂಗ್, ಹೊಸದಕ್ಕೆ ಹೊಸದು. ಡಿಎಂಎಕ್ಸ್ ಓಡುವುದು ಆರ್‌ಎಸ್-485 ಅನ್ನುವ ತಂತಿ ಸಿಗ್ನಲ್ ಪದ್ಧತಿ ಮೇಲೆ. ಕಳಿಸುವವರ ಅರ್ತ್‌ಗೂ ಪಡೆಯುವವರ ಅರ್ತ್‌ಗೂ ಸ್ವಲ್ಪ ವ್ಯತ್ಯಾಸ ಇದ್ದರೆ ಅದು ಸಹಿಸಿಕೊಳ್ಳುತ್ತದೆ, ಆದರೆ ಮೈನಸ್ 7ರಿಂದ ಪ್ಲಸ್ 12 ವೋಲ್ಟ್‌ವರೆಗೆ ಮಾತ್ರ. ಎಲೆಕ್ಟ್ರಿಷಿಯನ್ ಜೊತೆ ನಿಂತು, ಕೇಬಲ್ ಕವಚದ ತಂತಿಯನ್ನು ಹೊಸ ವಿಭಾಗದ ತುದಿಯಲ್ಲಿ ಬಿಡಿಸಿ, ಅದಕ್ಕೂ ಅಲ್ಲಿನ ಅರ್ತ್‌ಗೂ ಮಧ್ಯೆ ಪರ್ಯಾಯ ವಿದ್ಯುತ್ತಿನ ವೋಲ್ಟೇಜ್ ಅಳೆದೆವು. ಸುಮ್ನಿದ್ದಾಗ 2 ವೋಲ್ಟ್ ಒಳಗೆ. ಕಂಪ್ರೆಸರ್ ಶುರುವಾದಾಗ ಮೀಟರ್‌ನ ಮ್ಯಾಕ್ಸ್ ಬಟನ್ ಹಿಡಿದಿಟ್ಟ ಅಂಕಿ 9. ಪರ್ಯಾಯ ವಿದ್ಯುತ್ತಿನಲ್ಲಿ ಮೀಟರ್ 9 ವೋಲ್ಟ್ ತೋರಿಸಿದರೆ ನೆತ್ತಿಯಲ್ಲಿ ಸುಮಾರು 12.7, ಮೇಲಕ್ಕೂ ಅಷ್ಟೇ, ಕೆಳಕ್ಕೂ ಅಷ್ಟೇ. ಮೈನಸ್ 7ರ ಗಡಿಯನ್ನು ಎಂದೋ ದಾಟಿಯಾಗಿತ್ತು. ಕಳಿಸಿದ ಡೇಟಾ ಸರಿಯಾಗೇ ಇತ್ತು, ಪಡೆಯುವ ಚಿಪ್‌ಗೆ ಓದಲು ಆಗುತ್ತಿರಲಿಲ್ಲ.

ಮಾಡಿದ್ದು ಎರಡು ಕೆಲಸ. ಹೊಸ ವಿಭಾಗದ ಕಡೆ ಕೇಬಲ್ ಬರುವ ಜಾಗದಲ್ಲಿ ಆಪ್ಟೋ ಐಸೋಲೇಶನ್ ಇರುವ ಸ್ಪ್ಲಿಟರ್ ಹಾಕಿದೆವು. ಅದರೊಳಗೆ ಸಿಗ್ನಲ್ ಬೆಳಕಾಗಿ ದಾಟುತ್ತದೆ, ಎರಡು ಕಡೆಯ ತಂತಿಗಳು ಒಂದನ್ನೊಂದು ಮುಟ್ಟುವುದೇ ಇಲ್ಲ. ಕವಚದ ತಂತಿಯನ್ನು ಕಳಿಸುವ ಕಡೆ ಮಾತ್ರ ಅರ್ತ್‌ಗೆ ಉಳಿಸಿದೆವು. ಎರಡನೆಯದು, ಎಲೆಕ್ಟ್ರಿಷಿಯನ್ ಎರಡು ಕಟ್ಟಡದ ಅರ್ತ್ ಸೇರಿಸುವ ಪಟ್ಟಿಯನ್ನು ಪರೀಕ್ಷಿಸಿದರು. ಒಂದು ಬೋಲ್ಟ್ ಸಡಿಲವಾಗಿತ್ತು. ಬಿಗಿ ಮಾಡಿ ಮತ್ತೆ ಅಳೆದಾಗ 9 ಇದ್ದದ್ದು 1ಕ್ಕೆ ಇಳಿಯಿತು. ಹೊಸದಾಗಿ ಕಟ್ಟುತ್ತಿರುವವರಿಗೆ ನನ್ನ ಸಲಹೆ ಇನ್ನೂ ನೇರ: ಎರಡು ಕಟ್ಟಡದ ನಡುವೆ ತಾಮ್ರದ ಡೇಟಾ ಕೇಬಲ್ ಹಾಕಲೇಬೇಡಿ, ಫೈಬರ್ ಹಾಕಿ.

ಒಂದು ವಿಷಯ ಜೋರಾಗಿ ಹೇಳಬೇಕು. ಇಂಥ ತೊಂದರೆ ಬಂದಾಗ ಪವರ್ ಪ್ಲಗ್‌ನ ಅರ್ತ್ ಪಿನ್ ಕಿತ್ತು ನೋಡಿ, ನಿಂತುಹೋಗುತ್ತದೆ ಅಂತ ಯಾರಾದರೂ ಹೇಳುತ್ತಾರೆ. ನಿಂತೂ ಹೋಗಬಹುದು. ಹಾಗೆ ಮಾಡಬೇಡಿ. ನಾಳೆ ಪವರ್ ಸಪ್ಲೈ ಒಳಗೆ ಶಾರ್ಟ್ ಆದರೆ ಗೋಡೆಯ ಲೋಹದ ಚೌಕಟ್ಟಿಗೆ ಕರೆಂಟು ಬರುತ್ತದೆ, ಆ ಗೋಡೆಯನ್ನು ಮಕ್ಕಳು ಮುಟ್ಟಿ ನೋಡುತ್ತಾರೆ.

ಬಿಸಿ

ಆನ್ ಮಾಡಿ ಎರಡು ಮೂರು ಗಂಟೆ ಆದ ಮೇಲೆ ಶುರು, ರಾತ್ರಿ ಆರಿದ ಮೇಲೆ ಬೆಳಗ್ಗೆ ಸರಿ ಅಂದರೆ ಅದು ಬಿಸಿ. ಅಂದಕ್ಕಾಗಿ ಪವರ್ ಸಪ್ಲೈಗಳನ್ನು ಗಾಳಿಯಾಡದ ಗೋಡೆಯೊಳಗೆ ಮುಚ್ಚಿಟ್ಟಿರುತ್ತಾರೆ. ಬಿಸಿ ಏರಿದ ಹಾಗೆ ಅವು ಕೊಡುವ ಕರೆಂಟು ಕಡಿಮೆ ಮಾಡುತ್ತವೆ, ಇಲ್ಲವೇ ತಾವೇ ಆಫ್ ಆಗುತ್ತವೆ. ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ಆಯಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧ ಆಗುತ್ತದೆ. ಗಾಳಿಗೆ ದಾರಿ ಮಾಡಿಕೊಡಿ. ಹೊಸ ಸಪ್ಲೈ ತಂದು ಅದೇ ಗೂಡಿನಲ್ಲಿ ಮುಚ್ಚಿಟ್ಟರೆ ಅದೂ ಹಾಗೇ ಹೋಗುತ್ತದೆ.

ಬದಲಾಯಿಸುವಾಗ

ಒಂದು ಸ್ಟ್ರಿಪ್ ಬದಲಾಯಿಸುವುದು ನಮಗೆ ರಿಪೇರಿ, ಕಲಾವಿದರಿಗೆ ತಮ್ಮ ಕೆಲಸದ ಒಂದು ಭಾಗ ಬದಲಾದ ಹಾಗೆ. ಬೇರೆ ಬ್ಯಾಚ್‌ನ ಎಲ್‌ಇಡಿ ಹಾಕಿದರೆ ಬಿಳಿಯ ಬಣ್ಣ ಸ್ವಲ್ಪ ಬೇರೆ ಇರುತ್ತದೆ, ಮೃದುವಾದ ಬೆಳಕಿನಲ್ಲಿ ಅದು ತೇಪೆ ಹಾಕಿದ ಹಾಗೆ ಕಾಣುತ್ತದೆ. ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿಯಲ್ಲಿ ಕಲಾವಿದ ಲಿಯೋ ವಿಲ್ಲಾರಿಯಲ್ 2008ರಲ್ಲಿ ಎರಡು ಕಟ್ಟಡಗಳನ್ನು ಸೇರಿಸುವ ಓಣಿಯಲ್ಲಿ ಮಾಡಿದ ಕೆಲಸದಲ್ಲಿ ಸುಮಾರು 41,000 ಎಲ್‌ಇಡಿಗಳಿವೆ. ಅಷ್ಟಿರುವಾಗ ಒಂದೊಂದಾಗಿ ಸಾಯುವುದು ಸಹಜ. ಆದ್ದರಿಂದ ಕಟ್ಟುವಾಗಲೇ ಅದೇ ಬ್ಯಾಚ್‌ನ ಬಿಡಿ ಸ್ಟ್ರಿಪ್‌ಗಳನ್ನು ತೆಗೆದಿಡಿ. ಹೊಳಪು ಕಡಿಮೆ ಮಾಡಿದರೆ ದೋಷ ಕಾಣುವುದಿಲ್ಲ ಅಂತ ಸುಮ್ನೆ ಕಡಿಮೆ ಮಾಡಬೇಡಿ, ಕಲಾವಿದರನ್ನು ಕೇಳಿ ಮಾಡಿ.

ರಿಪೇರಿ ಆದ ಮೇಲೆ ಪೂರ್ತಿ ಬಿಳಿ, ಕೆಂಪು, ಹಸಿರು, ನೀಲಿ ಒಂದೊಂದಾಗಿ ಹಾಕಿ. ಆಮೇಲೆ ಕಪ್ಪಿನಿಂದ ಬಿಳಿಗೆ ಬಹಳ ನಿಧಾನವಾಗಿ ಏರುವ ದೃಶ್ಯ, ಸಣ್ಣ ನಡುಕವೂ ಅದರಲ್ಲಿ ಗೊತ್ತಾಗುತ್ತದೆ. ನಾಲ್ಕು ಗಂಟೆ ಓಡಿಸಿ, ಆ ಹೊತ್ತಲ್ಲಿ ಎಸಿ, ಲಿಫ್ಟ್, ಹತ್ತಿರದ ದೊಡ್ಡ ಮೋಟಾರ್ ಎಲ್ಲವನ್ನೂ ಬೇಕಂತಲೇ ಆನ್ ಆಫ್ ಮಾಡಿಸಿ. ಎಲ್ಲಿ ಅಳೆದಿರಿ, ಎಷ್ಟು ಬಂತು, ಏನು ಬದಲಾಯಿಸಿದಿರಿ ಅಂತ ತಾರೀಕಿನ ಜೊತೆ ಬರೆದು ಆ ಹಾಳೆಯನ್ನು ಪ್ಯಾನೆಲ್ ಬಾಗಿಲ ಒಳಬದಿಗೆ ಅಂಟಿಸಿ. ನಮ್ಮ ಪ್ಯಾನೆಲ್ ಒಳಗೆ ಈಗ ಮೊದಲು ಕಾಣುವುದು ಬಾಗಿಲ ಸಿಬ್ಬಂದಿ ಬರೆದುಕೊಟ್ಟ ಆ ಗಂಟೆ ನಿಮಿಷದ ಹಾಳೆ.